ಆರಿದ್ರಾ ಮಳೆಯ ಲೆಕ್ಕ ಕೇಳಿ, ಆಮೇಲೆ ಸೋಲಾರ್ ಕೂರಿಸಿ

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ನೀರು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರು ಘಟ್ಟ ಇಳಿದು ಹೊಸಂಗಡಿಯಲ್ಲಿ 460 ಮೆಗಾವಾಟ್ ಆಗುತ್ತದೆ. ಇಷ್ಟೆಲ್ಲ ಕೊಟ್ಟ ಸೀಮೆಯಲ್ಲೇ ಜೂನ್ ಗಾಳಿಗೆ ಒಂದು ಮರ ಲೈನಿನ ಮೇಲೆ ಒರಗಿದರೆ ಸಾಕು, ಸಾಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಡೀಸೆಲ್ ಜನರೇಟರ್‌ಗಳ ಗುಡುಗುಡು ಶುರು.

ಜನರೇಟರ್ ಬೇಡವೆಂದು ಲಾಡ್ಜು, ಅಂಗಡಿಗಳವರು ಮಾಡಿನ ಮೇಲೆ ಸೋಲಾರ್ ಹಾಕಿಸಲು ಹೊರಡುತ್ತಾರೆ. ಮೊದಲ ಬಾರಿ ಕರೆಂಟ್ ಹೋದಾಗಲೇ ಪೆಚ್ಚು. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಸತ್ತ ಕೂಡಲೇ ತಾನೂ ಆಫ್ ಆಗುತ್ತದೆ, ನೆತ್ತಿಯ ಮೇಲೆ ಬಿಸಿಲಿದ್ದರೂ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಈ ಏರ್ಪಾಡು.

ಹಾಗಾಗಿ ಇಲ್ಲಿ ಬ್ಯಾಟರಿ ಬೇಕೇ ಬೇಕು. ತಕರಾರಿರುವುದು ಅದನ್ನು ಲೆಕ್ಕ ಹಾಕುವ ಕ್ರಮದ ಬಗ್ಗೆ. ಒಂದು ಕಿಲೋವಾಟ್ ಪ್ಯಾನೆಲ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಎನ್ನುವುದು ಪಾವಗಡದ ಬಯಲಿಗೆ ಸರಿ. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆಯ ತಾಲ್ಲೂಕಿನಲ್ಲಿ, ಜಿಟಿಜಿಟಿ ಹಿಡಿದ ಜುಲೈಯಲ್ಲಿ, ಅದರ ಅರ್ಧ ಸಿಕ್ಕಿದರೂ ಪುಣ್ಯ. ವಾರಗಟ್ಟಲೆಯ ಮೋಡವನ್ನು ಬ್ಯಾಟರಿಯಿಂದಲೇ ದಾಟಿಸುತ್ತೇವೆಂದು ಹೊರಟರೆ ಕಟ್ಟಡಕ್ಕಿಂತ ಬ್ಯಾಟರಿಯೇ ದುಬಾರಿಯಾದೀತು. ಬಿಸಿಲಿದ್ದಾಗ ಬಿಸಿಲಿನಿಂದ, ಇಲ್ಲದಾಗ ಲೈನ್ ಕರೆಂಟಿನಿಂದ ಚಾರ್ಜ್ ಆಗುವ ಹೈಬ್ರಿಡ್ ಇನ್ವರ್ಟರ್ ಹಾಕಿ, ನಾಲ್ಕೈದು ಗಂಟೆಯ ಕತ್ತಲೆಗಷ್ಟೇ ಬ್ಯಾಟರಿ ಇಡುವುದು ಮಲೆನಾಡಿಗೆ ಒಗ್ಗುವ ದಾರಿ.

ಮೂರಂತಸ್ತಿನ ಒಂದು ಲಾಡ್ಜನ್ನೇ ತೆಗೆದುಕೊಳ್ಳಿ. ಕೆಳಗೆ ಹೋಟೆಲ್, ಮೇಲೆ ರೂಮುಗಳು. ದೀಪ, ಫ್ಯಾನು, ಫ್ರಿಜ್, ಬಿಲ್ಲಿಂಗ್ ಕಂಪ್ಯೂಟರ್ ಎಲ್ಲ ಸೇರಿ ಹತ್ತು ಕಿಲೋವಾಟ್ ಎಂದುಕೊಂಡರೆ ಐದು ಗಂಟೆಗೆ 50 ಯೂನಿಟ್. ಲಿಥಿಯಂ ಬ್ಯಾಟರಿಯನ್ನು ಶೇ. 80ರಷ್ಟು ಖಾಲಿ ಮಾಡಬಹುದು; ಇನ್ವರ್ಟರ್ ನುಂಗುವ ಶೇ. 10 ಸೇರಿಸಿ ಸುಮಾರು 70 ಯೂನಿಟ್‌ನದು ಬೇಕು. ಸೀಸ-ಆಸಿಡ್ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದರೆ ಬೇಗ ಸಾಯುತ್ತದೆ. ಅದಾದರೆ 110 ಯೂನಿಟ್, ಅಂದರೆ 12 ವೋಲ್ಟ್, 150 ಆಂಪಿಯರ್-ಅವರ್‌ನ 60ಕ್ಕೂ ಹೆಚ್ಚು ಡಬ್ಬಗಳು. ಅವನ್ನಿಡಲು ಗಾಳಿಯಾಡುವ ಪ್ರತ್ಯೇಕ ಕೋಣೆ ಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಮೆಟ್ಟಿಲಡಿಯ ಗೂಡು ಆಗದು.

ಬಾವಿಯ ಪಂಪನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. 5 ಎಚ್‌ಪಿ ಮೋಟಾರ್ ಸ್ಟಾರ್ಟ್ ಆಗುವ ಕ್ಷಣಕ್ಕೆ ಐದಾರು ಪಟ್ಟು ಕರೆಂಟ್ ಎಳೆದು ಇನ್ವರ್ಟರನ್ನೇ ಟ್ರಿಪ್ ಮಾಡಿಸುತ್ತದೆ. ಲೈನ್ ಇದ್ದಾಗ ಟ್ಯಾಂಕ್ ತುಂಬಿಸಿಟ್ಟರೆ ಅದೂ ಒಂದು ಬ್ಯಾಟರಿಯೇ. ತಳಕಳಲೆ, ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ಗೆಂದು ಸರ್ಕಾರ ಮಾಡಹೊರಟಿರುವ ಪಂಪ್ಡ್ ಸ್ಟೋರೇಜ್ ಕೂಡ ಇದೇ ಉಪಾಯ. ವ್ಯತ್ಯಾಸವೆಂದರೆ, ಲಾಡ್ಜಿನ ಟ್ಯಾಂಕಿಗೆ ಕಾಡು ಕಡಿಯಬೇಕಿಲ್ಲ.

ಕೊಟೇಶನ್ ಹಿಡಿದು ಬಂದವರು ಮಾಡಿನ ಅಳತೆಗೆ ಟೇಪು ಬಿಚ್ಚುವ ಮೊದಲು ಹೋದ ವರ್ಷದ ಜುಲೈ ಬಿಲ್ಲು ಕೇಳಿದರೆ ಅವರ ಜೊತೆ ಮಾತು ಮುಂದುವರಿಸಬಹುದು. ಆರಿದ್ರಾ ಮಳೆಯಲ್ಲಿ ದಿನಕ್ಕೆಷ್ಟು ಯೂನಿಟ್ ಎಂದು ಕೇಳಿದಾಗ ಮಾರ್ಚ್ ತಿಂಗಳ ಗ್ರಾಫ್ ತೋರಿಸಿದರೆ, ಕಾಫಿ ಕೊಟ್ಟು ಕಳಿಸಿ.