ವಂಶಾವಳಿಯೂ ಲೆಕ್ಕದ ಪುಸ್ತಕವೂ

ಶ್ರಾದ್ಧಕರ್ಮದಲ್ಲಿ ತಂದೆಯನ್ನು ವಸುರೂಪನೆಂದೂ, ಅಜ್ಜನನ್ನು ರುದ್ರರೂಪನೆಂದೂ, ಮುತ್ತಜ್ಜನನ್ನು ಆದಿತ್ಯರೂಪನೆಂದೂ ಹೆಸರು ಹಿಡಿದು ಸ್ಮರಿಸುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅದಕ್ಕೂ ಹಿಂದಿನವರ ಹೆಸರನ್ನು ಕೇಳಿದರೆ ನಮ್ಮಲ್ಲಿ ಬಹುಮಂದಿ ಮೌನವನ್ನೇ ಆಶ್ರಯಿಸುವೆವು. ಒಕ್ಕಲುಮನೆಗಳಿಗಾದರೋ ಹೆಳವರು ಎತ್ತಿನೊಡನೆ ಬಂದು, ಮೂಲಪುರುಷನಿಂದ ಮೊದಲುಮಾಡಿ ವಂಶವನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ದವಸವನ್ನು ಕಾಣಿಕೆಯಾಗಿ ಪಡೆದು ಹೋಗುತ್ತಿದ್ದರು. ಈಚೆಗೆ ಬೈರಾಪಟ್ಟಣದ ಸುತ್ತಿನ ನಮ್ಮ ಸೀಮೆಯಲ್ಲಿ ಕೆಲವರು ಗೃಹಸ್ಥರು ತಾವೇ ವಂಶಾವಳಿಯನ್ನು ಬರೆಯಲು ತೊಡಗಿರುವುದು ಸಂತೋಷದ ಸಂಗತಿ. ಆದರೆ ನಾವು ನೋಡಿದ ವಂಶಾವಳಿಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಲ್ಲಿ ಶ್ಯಾನುಭೋಗರುಂಟು, ಪಟೇಲರುಂಟು, ಗುಡಿಗೆ ದತ್ತಿ ಬಿಟ್ಟವರುಂಟು. ಸಾಲದಲ್ಲಿ ಮನೆ ಕಳೆದವನಿಲ್ಲ, ಕೂಲಿಮಾಡಿ ಮಕ್ಕಳನ್ನು ಸಾಕಿದವಳಿಲ್ಲ.

ಏಳಿಗೆಯನ್ನು ಮಾತ್ರ ಬರೆದಿಡುವುದರಿಂದ ಆಗುವ ಕೇಡೇನೆಂಬುದಕ್ಕೆ ಇಂಗ್ಲೆಂಡಿನ ಯಾರ್ಕ್ ನಗರದ ಜಾರ್ಜ್ ಹಡ್ಸನ್ ಎಂಬಾತನ ವೃತ್ತಾಂತವು ತಕ್ಕ ನಿದರ್ಶನವಾಗಿದೆ. ೧೮೦೦ರಲ್ಲಿ ಬೇಸಾಯಗಾರನ ಮಗನಾಗಿ ಹುಟ್ಟಿ, ಬಟ್ಟೆಯಂಗಡಿಯಲ್ಲಿ ಕೆಲಸ ಕಲಿತ ಈತನಿಗೆ, ೧೮೨೭ರಲ್ಲಿ ಅಜ್ಜನ ವರಸೆಯ ಬಂಧುವೊಬ್ಬನ ಮರಣಶಾಸನದಿಂದ ೩೦,೦೦೦ ಪೌಂಡುಗಳ ಆಸ್ತಿ ಬಂದಿತು. ಆ ಹಣದ ಬಲದಿಂದ ರೈಲ್ವೆ ಕಂಪೆನಿಗಳಲ್ಲಿ ಷೇರು ಕೊಂಡನು. ೧೮೩೭ರಲ್ಲಿ ನಗರದ ಮೇಯರಾದನು. ಒಂದರ ಮೇಲೊಂದು ಕಂಪೆನಿಯನ್ನು ಕೈವಶಮಾಡಿಕೊಂಡು ೧೮೪೪ರ ವೇಳೆಗೆ ಸಾವಿರ ಮೈಲಿಗೂ ಮೇಲ್ಪಟ್ಟ ರೈಲುದಾರಿಗೆ ಒಡೆಯನೆನಿಸಿದನು. ಮರುವರ್ಷ ಪಾರ್ಲಿಮೆಂಟಿನ ಸದಸ್ಯನೂ ಆದನು. ಜನರು ಅವನನ್ನು ರೈಲ್ವೆಯ ರಾಜನೆಂದು ಕರೆದರು. ೧೮೪೯ರಲ್ಲಿ ಪಾಲುಗಾರರು ಲೆಕ್ಕಗಳನ್ನು ಶೋಧಿಸಲಾಗಿ, ಲಾಭವಿಲ್ಲದ ಕಾಲದಲ್ಲಿ ಮೂಲಧನದಿಂದಲೇ ಹಣ ತೆಗೆದು ಲಾಭಾಂಶವೆಂದು ಹಂಚಿದ್ದು ಹೊರಬಿದ್ದಿತು. ಅಲ್ಲಿಂದ ಅವನ ಪತನ. ಸಾಲ ಕೊಟ್ಟವರಿಗೆ ಅಂಜಿ ಪರದೇಶವಾಸ ಮಾಡಿ, ೧೮೬೫ರಲ್ಲಿ ಸಾಲದ ಸಲುವಾಗಿ ಯಾರ್ಕಿನಲ್ಲೇ ಸೆರೆಮನೆಯನ್ನು ಕಂಡು, ೧೮೭೧ರಲ್ಲಿ ತೀರಿಕೊಂಡನು. ಅವನ ಹೆಸರಿದ್ದ ಬೀದಿಗೆ ಊರವರು ಬೇರೆ ಹೆಸರಿಟ್ಟರು. ನೂರು ವರ್ಷಗಳ ಮೇಲೆ, ೧೯೭೧ರಲ್ಲಿ, ಹಳೆಯ ಹೆಸರನ್ನೇ ಮರಳಿ ಇಟ್ಟರು. ದೋಷವನ್ನು ಬಲ್ಲವರಾಗಿಯೇ ಉಪಕಾರವನ್ನೂ ನೆನೆದರೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

ವಂಶದ ಕೀರ್ತಿಯೂ ಒಂದು ಮೂಲಧನವಲ್ಲವೆ? ಹಿರಿಯರು ಗಳಿಸಿದ ಹೆಸರನ್ನೇ ಖರ್ಚುಮಾಡುತ್ತ, ತಾನು ಒಂದು ಕಾಸಿನ ಗುಣವನ್ನೂ ಕೂಡಿಸದೆ ಬೀಗುವವನು ಹಡ್ಸನ್ನನ ಲೆಕ್ಕವನ್ನೇ ಮನೆಯಲ್ಲಿ ಬರೆಯುತ್ತಿದ್ದಾನೆ. ಅವನ ಮಕ್ಕಳಿಗೆ ದಕ್ಕುವುದು ಬರಿಯ ಪೆಟ್ಟಿಗೆ.

ನಮ್ಮ ಸೀಮೆಯ ರೈಲುದಾರಿಯ ವಂಶಾವಳಿಯನ್ನೇ ಪೂರ್ತಿಯಾಗಿ ಬರೆದು ನೋಡೋಣ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಈ ದಾರಿಯನ್ನು ಹಾಕಿಸಿದವನು ಹಡ್ಸನ್ನನಂತಹ ಧನಿಕನಲ್ಲ, ಸಂಸ್ಥಾನದ ಬೊಕ್ಕಸ. ಹಾಕಿದ ಕೈಗಳಲ್ಲಿ ಎಷ್ಟೋ ಹಸಿದ ಕೈಗಳು. ಹಿರಿಯರು ಧಾತು ಈಶ್ವರದ ಬರವೆಂದು ಹೇಳುತ್ತಿದ್ದ ೧೮೭೬-೭೮ರ ಮಹಾಕ್ಷಾಮದಲ್ಲಿ, ಅನ್ನವಿಲ್ಲದ ಜನರಿಗೆ ಕೂಲಿ ಕೊಡುವ ಸಲುವಾಗಿಯೂ ಇದರ ಮಣ್ಣುಕೆಲಸ ನಡೆಯಿತು. ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕೂ ಕಡಮೆಯಾಗಿತ್ತು. ಆ ೧೮೮೧ರಲ್ಲಿಯೇ ಬಂಡಿಯು ಚನ್ನಪಟ್ಟಣಕ್ಕೆ ಬಂದಿತು. ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ೧೮೮೧ರಲ್ಲಿ ದಿವಾನರಾದ ರಂಗಾಚಾರ್ಲು ಅವರು ರೈಲ್ವೆಯ ವಿಸ್ತರಣಕ್ಕಾಗಿ ಬಹಳ ಶ್ರಮಿಸಿದರು. ಆದರೆ ೧೮೮೩ರ ಜನವರಿಯಲ್ಲಿ ಕಾಲವಾದುದರಿಂದ, ೧೮೮೪ರಲ್ಲಿ ಬಂಡಿಯು ತುಮಕೂರಿಗೆ ಹೋದುದನ್ನು ಕಾಣಲಿಲ್ಲ. ೧೮೮೬ರಲ್ಲಿ ದಾರಿಗಳು ಸದರನ್ ಮರಾಠ ರೈಲ್ವೆ ಕಂಪೆನಿಯ ಕೈಗೆ ಹೋದವು. ಅವುಗಳ ಆಧಾರದ ಮೇಲೆ ಲಂಡನ್ನಿನಲ್ಲಿ ಸಾಲವೆತ್ತಲಾಯಿತು. ಮುಂದೆ ಸಂಸ್ಥಾನವು ಅವನ್ನು ತನ್ನ ಆಡಳಿತಕ್ಕೆ ಹಿಂದಕ್ಕೆ ಪಡೆಯಿತು. ೧೯೫೧ರಲ್ಲಿ ಅವು ದಕ್ಷಿಣ ರೈಲ್ವೆಯನ್ನು ಸೇರಿದವು. ೨೦೦೩ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿವೆ.

ಈ ಚರಿತ್ರೆಯಿಂದ ಬರವನ್ನೂ ಒತ್ತೆಯನ್ನೂ ತೆಗೆದುಹಾಕಿದರೆ ಉಳಿಯುವುದು ದಿವಾನರ ಹೆಸರು, ಬಂಡಿಯ ಕೂಗು, ಇಷ್ಟೆ. ಆ ದಾರಿಗೆ ಮಣ್ಣು ಹೊತ್ತವರು ಯಾವ ಕಲ್ಲಿನ ಮೇಲೂ ಕೆತ್ತಲ್ಪಟ್ಟಿಲ್ಲ. ಆದರೆ ಅವರಿಗೂ ಮಕ್ಕಳು ಮೊಮ್ಮಕ್ಕಳಿದ್ದರು. ಅವರ ಸಂತಾನವು ಇಂದು ಈ ಪತ್ರಿಕೆಯನ್ನು ಓದುತ್ತಿದ್ದರೂ ಆಶ್ಚರ್ಯವಿಲ್ಲ. ಮುತ್ತಜ್ಜಿ ಬರದಲ್ಲಿ ಮಣ್ಣುಪುಟ್ಟಿ ಹೊತ್ತಳೆಂದು ಬರೆಯಲು ಸಂಕೋಚಪಡುವವರು ಒಂದು ಮಾತನ್ನು ಯೋಚಿಸಬೇಕು: ಅವಳು ಹೊರದಿದ್ದರೆ ಬರೆಯುವ ಕೈಯೇ ಇರುತ್ತಿರಲಿಲ್ಲ. ಸಾಲದಿಂದ ಹೊಲ ಕಳೆದ ಅಜ್ಜನ ಸುದ್ದಿಯನ್ನು ಮುಚ್ಚಿಟ್ಟ ಮನೆಯಲ್ಲಿ, ಮೊಮ್ಮಗನೂ ಅದೇ ಬಗೆಯ ಜಾಮೀನಿಗೆ ರುಜು ಹಾಕಿ ಅದೇ ಹಳ್ಳಕ್ಕೆ ಬೀಳುವನು. ಅವನನ್ನು ತಡೆಯಬಹುದಾಗಿದ್ದ ಮಾತನ್ನು ಮರ್ಯಾದೆಯ ಹೆಸರಿನಲ್ಲಿ ನಾವೇ ಅಡಗಿಸಿದೆವಷ್ಟೆ.

ಆದುದರಿಂದ ಬರೆಯುವ ಗೃಹಸ್ಥರು ಹೀಗೆ ಮಾಡಬಹುದು. ಮೊದಲು ಮನೆಯ ಹಿರಿಯರನ್ನು, ಮುಖ್ಯವಾಗಿ ಹೆಂಗಸರನ್ನು, ಕೇಳಿ ಬರೆದುಕೊಳ್ಳತಕ್ಕದ್ದು. ಗಂಡಸರಿಗೆ ಹುದ್ದೆಗಳು ನೆನಪಿದ್ದರೆ ಹೆಂಗಸರಿಗೆ ಹೆರಿಗೆ, ಮರಣ, ಮಾರಿದ ಒಡವೆ ಇವು ನೆನಪಿರುತ್ತವೆ. ಸೊಸೆಯರ ಹೆಸರನ್ನೂ ತವರೂರನ್ನೂ ಬಿಡಬಾರದು. ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ಆಧಾರಪತ್ರಗಳನ್ನು ಓದಬೇಕು. ಅವುಗಳಲ್ಲಿ ಕ್ಲೋಸ್‌ಪೇಟೆ ಎಂದು ಕಂಡರೆ ಅದು ಇಂದಿನ ರಾಮನಗರವೆಂದು ತಿಳಿಯಬೇಕು. ಹೆಸರಿನ ಹಿಂದಿರುವ ಮೊದಲಕ್ಷರವು ಯಾವ ಊರಿನದೆಂದು ವಿಚಾರಿಸಬೇಕು. ರೈಲು ಹತ್ತಿ ದೂರ ಹೋದ ಎಷ್ಟೋ ಕುಟುಂಬಗಳಿಗೆ ಹುಟ್ಟೂರಿನ ಗುರುತಾಗಿ ಉಳಿದಿರುವುದು ಆ ಒಂದಕ್ಷರವೇ. ಕೇಳಿದ್ದನ್ನು ಕೇಳಿದ್ದೆಂದೂ, ಕಾಗದದಲ್ಲಿ ಕಂಡದ್ದನ್ನು ಕಂಡದ್ದೆಂದೂ ಬೇರೆಬೇರೆಯಾಗಿ ನಮೂದಿಸಬೇಕು. ಬದುಕಿರುವವರ ಮನನೋಯುವ ಸಂಗತಿಯಿದ್ದರೆ ಅವರ ಒಪ್ಪಿಗೆಯಿಲ್ಲದೆ ಹೊರಗೆ ತೋರಿಸಕೂಡದು.

ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಪುಸ್ತಕವನ್ನು ಯಾವ ವರ್ತಕನೂ ಲೆಕ್ಕವೆನ್ನನು. ಮುಂದಿನ ಅಮಾವಾಸ್ಯೆಯ ತರ್ಪಣಕ್ಕೆ ಕುಳಿತಾಗ, ಬಾಯಲ್ಲಿ ಬರುವ ಮೂರು ಹೆಸರುಗಳವರು ಏನನ್ನು ಗಳಿಸಿದರು, ಏನನ್ನು ಕಳೆದುಕೊಂಡರು, ಕಳೆದುಕೊಂಡ ಮೇಲೂ ಹೇಗೆ ಬಾಳಿದರು ಎಂಬುದನ್ನು ಮಕ್ಕಳಿಗೆ ಹೇಳಬಲ್ಲೆವೆ ಎಂದು ವಾಚಕರು ತಮ್ಮನ್ನು ತಾವೇ ಕೇಳಿಕೊಳ್ಳಲೆಂದು ನಮ್ಮ ಬಿನ್ನಹ.