ಎದೆಯ ಮೇಲಿನ ಗೀಟು

ಶರ್ಟಿನ ಮೇಲಿನ ಗುಂಡಿ ನಾನು ಯಾವತ್ತೂ ಬಿಚ್ಚೋದಿಲ್ಲ. ಮೂರು ವರ್ಷದವನಿದ್ದಾಗ ಆದ ಆಪರೇಷನ್ನಿನ ಗೀಟು ಎದೆಯ ನಡುವೆ ಹಾಗೇ ಇದೆ. ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೊ. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಅತ್ತರೆ ತುಟಿ ನೀಲಿಯಾಗ್ತಿತ್ತಂತೆ. ರಂಧ್ರ ಮುಚ್ಚಿ, ತೇಪೆ ಹಾಕಿ ದಾರಿ ಅಗಲ ಮಾಡಿದರು. 'ಸರಿಹೋಯ್ತು' ಅಂತ ಮನೆಯವರೆಲ್ಲ ನಂಬಿದೆವು. ಕೆಲಸ, ಪಿಜಿ, ವೀಕೆಂಡ್ ಟ್ರೆಕ್ಕು ಅಂತ ಓಡಾಡ್ತಾ ಚೆಕಪ್ಪಿಗೆ ಹೋಗೋದನ್ನೇ ಬಿಟ್ಟೆ.

ಈಗ 29. ಮೆಟ್ರೋ ಮೆಟ್ಟಿಲಲ್ಲಿ ಏದುಸಿರು ಬಂದಾಗ ಎಕೋ, ಎಂಆರ್‌ಐ ಆಯ್ತು. ಅಂದು ದಾರಿ ಅಗಲ ಮಾಡಿದಾಗಲೇ ಅಲ್ಲಿನ ವಾಲ್ವ್ ಸೋರತೊಡಗಿದೆ. ವರ್ಷಗಟ್ಟಲೆ ರಕ್ತ ಹಿಂದಕ್ಕೆ ಬಂದು ಬಂದು ಬಲ ಹೃತ್ಕುಕ್ಷಿ ಹಿಗ್ಗಿದೆ. ಇನ್ನೂ ಹಿಗ್ಗುವ ಮೊದಲೇ ಹೊಸ ವಾಲ್ವ್ ಬೇಕು.

"ಮತ್ತೆ ಎದೆ ಕೊಯ್ತಾರೇನೋ?" ಅಮ್ಮ ಕೇಳಿದ್ದು ಅದೊಂದೇ.

ಬೇಡದಿರಬಹುದು. 2000ನೇ ಇಸವಿಯಲ್ಲಿ ಪ್ಯಾರಿಸ್ಸಿನಲ್ಲಿ ಡಾ. ಫಿಲಿಪ್ ಬೊನ್‌ಹೋಫರ್ 12 ವರ್ಷದ ಹುಡುಗನೊಬ್ಬನಿಗೆ ಎದೆ ತೆರೆಯದೆಯೇ ಈ ವಾಲ್ವ್ ಕೂರಿಸಿದರು. ಹಸುವಿನ ಕುತ್ತಿಗೆಯ ರಕ್ತನಾಳದಲ್ಲಿರುವ ವಾಲ್ವನ್ನು ಲೋಹದ ಸ್ಟೆಂಟಿಗೆ ಹೊಲಿದು, ಬಲೂನಿನ ಮೇಲೆ ಮಡಚಿ ಒಳಗೆ ಒಯ್ದು, ಜಾಗ ಸಿಕ್ಕಾಗ ಬಲೂನ್ ಉಬ್ಬಿಸೋದು. ಈಗ ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಿಂದಲೇ ಒಯ್ಯುತ್ತಾರೆ. (ಹಸುವಿನದು ಅಂದ ಕೂಡಲೇ ಅಜ್ಜಿ ಮುಖ ಆ ಕಡೆ ತಿರುಗಿಸಿದರು. ಅದು ಬೇರೆಯೇ ಪಂಚಾಯ್ತಿ.)

ಆ ಹುಡುಗನಿಗೆ ಮೊದಲೇ ಹಾಕಿದ್ದ ಕೃತಕ ಕೊಳವೆ ಇತ್ತು, ವಾಲ್ವಿಗೆ ಹಿಡಿತ ಸಿಕ್ಕಿತು. ನನ್ನ ಹಾಗೆ ತೇಪೆ ಹಾಕಿಸಿಕೊಂಡವರ ದಾರಿ ಅಗಲ, ವಾಲ್ವ್ ಜಾರಬಹುದು. ಅಂಥವರಿಗೆಂದೇ ಮಾಡಿದ, ತಾನೇ ಬಿಚ್ಚಿಕೊಳ್ಳುವ ಹಾರ್ಮನಿ ವಾಲ್ವಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೂ ಎಲ್ಲರ ಅಳತೆಗೂ ಹೊಂದೋದಿಲ್ಲ. ಹೃದಯಕ್ಕೇ ರಕ್ತ ಕೊಡುವ ನಾಳ ಪಕ್ಕದಲ್ಲಿದ್ದು ಒತ್ತಿಹೋಗುವಂತಿದ್ದರೆ ಆಪರೇಷನ್ನೇ ಗತಿ.

ಕೂತರೂ ಅದು ಶಾಶ್ವತವಲ್ಲ. ಸವೆದಾಗ ಅದರೊಳಗೇ ಇನ್ನೊಂದನ್ನು ಕೂರಿಸೋಕೆ ಆಗಬಹುದು. ಎದೆ ತೆರೆಯುವ ಸರದಿ ಕಡಿಮೆಯಾದರೆ ನನಗಷ್ಟೇ ಸಾಕು. "ಈ ಸಲ ಮಾಯ ಆಗ್ಬೇಡಿ" ಅಂದರು ಡಾಕ್ಟರು. ಬಾಯಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ವಾಲ್ವಿಗೆ ಸೋಂಕು ತಗುಲಬಹುದು, ಅದಕ್ಕೆ ಮೊದಲು ಹಲ್ಲು ತೋರಿಸಿಕೊಂಡು ಬನ್ನಿ ಅಂತಲೂ ಹೇಳಿದರು.

ಶನಿವಾರ ಹಲ್ಲಿನ ಡಾಕ್ಟರು, ಸೋಮವಾರ ಅಳತೆಗೆ ಸಿಟಿ ಸ್ಕ್ಯಾನ್. ಬೇಡ ಅಂದರೂ ಕೇಳದೆ ಅಮ್ಮ ಆಗಲೇ ಬಸ್ ಹತ್ತಿದ್ದಾಳೆ.