ಮೊದಲು ಗಾಲಿಗೆ ಕಲ್ಲು ಕೊಡಿ

ಸಂಜೆ ಏಳರ ಹೊತ್ತಿಗೆ ನಮ್ಮ ಕೊಡಿಕೊಂಡ ಚೆಕ್‌ಪೋಸ್ಟಿನ ಬಳಿ ನಿಂತರೆ ಲಾರಿಗಳ ಸಾಲು ಕಾಣುತ್ತದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಸರಕಿನ ತೆರಿಗೆ ತಪಾಸಣೆ ಹೋಯಿತು. ಊರಿನ ಹೆಸರಿಗೆ ಅಂಟಿಕೊಂಡ ‘ಚೆಕ್‌ಪೋಸ್ಟ್’ ಮಾತ್ರ ಉಳಿದಿದೆ, ಲಾರಿಗಳು ನಿಲ್ಲುವ ರೂಢಿಯೂ ಉಳಿದಿದೆ. ಇದು ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹೋಗುವ 44ನೇ ನಂಬರಿನ ಹೆದ್ದಾರಿ. ಇಲ್ಲಿ ಒಂದು ರಾತ್ರಿ ಮಲಗಿ ಎದ್ದು ಹೋಗುವವರಿಗೆ ಲೆಕ್ಕವಿಲ್ಲ.

ಲಾರಿಯಿಂದ ಇಳಿಯುವ ಡ್ರೈವರ್ ಏನು ಮಾಡುತ್ತಾನೆಂದು ಗಮನಿಸಿ. ಮೊದಲು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಾನೆ. ಆಮೇಲೆ ಕ್ಯಾನು ಅಲುಗಾಡಿಸಿ ನೀರೆಷ್ಟಿದೆ ನೋಡುತ್ತಾನೆ. ಸ್ಟವ್ ಹೊರಗೆ ಬರುವುದು ಅದಾದ ಮೇಲೆ. ಗಾಡಿಯನ್ನೇ ಮನೆ ಮಾಡಿಕೊಂಡವರ ಬದುಕು ನಿಂತಿರುವುದು ಈ ಕ್ರಮದ ಮೇಲೆ.

ಮುಂದಿನ ಏಪ್ರಿಲ್‌ನಲ್ಲಿ ನಾವೂ ಹನ್ನೊಂದು ರಾತ್ರಿ ಗಾಡಿಯನ್ನೇ ಮನೆ ಮಾಡಿಕೊಳ್ಳಲು ಹೊರಟಿದ್ದೇವೆ. ನಾನು, ಹೆಂಡತಿ, ನನ್ನ ತಾಯಿ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಹೋಗುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ. ಐವರಿಗೂ ಇದೇ ಮೊದಲ ಹೊರದೇಶ, ಇದೇ ಮೊದಲ ಕ್ಯಾರವಾನ್. ಹಿಂದೂಪುರ, ಬಾಗೇಪಲ್ಲಿ ಕಡೆಯ ಹಲವು ಗೆಳೆಯರು ‘ಹೇಗೆ ತಯಾರಾದಿರಿ’ ಎಂದು ಕೇಳುತ್ತಿದ್ದಾರೆ. ಅವರಿಗಾಗಿಯೇ ಈ ವಾರದ ಅಂಕಣ.

ನಾನು ಮಾಡಿದ ಮೊದಲ ತಪ್ಪಿನಿಂದಲೇ ಆರಂಭಿಸುತ್ತೇನೆ. ನಕ್ಷೆ ಹರಡಿಕೊಂಡು ನೋಡಬೇಕಾದ ಊರುಗಳಿಗೆಲ್ಲ ಗುರುತು ಹಾಕಿದೆ. ದ್ವೀಪವನ್ನು ಇಡಿಯಾಗಿ ಒಂದು ಸುತ್ತು ಹಾಕುವ ಉಮೇದು. ಅಮ್ಮ ಪಕ್ಕದಲ್ಲಿ ಕೂತು ನೋಡಿ ಒಂದೇ ಪ್ರಶ್ನೆ ಕೇಳಿದರು: “ಹೋಗೋದು ಗೊತ್ತಾಯ್ತು. ನಿಲ್ಲೋದು ಎಲ್ಲೆಲ್ಲಪ್ಪಾ?”

ಅಮ್ಮ ಹುಡುಗಿಯಾಗಿದ್ದಾಗ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನು ಗಾಡಿಯಲ್ಲಿ ಹೋದವರು. ಎತ್ತಿಗೆ ಹುಲ್ಲು, ಮನೆಮಂದಿಗೆ ರಾಗಿ ಹಿಟ್ಟು, ಅಡುಗೆಗೆ ಸೌದೆ, ಎಲ್ಲವೂ ಗಾಡಿಯಲ್ಲೇ. ಹೊರಡುವ ಮೊದಲೇ ಅವರ ತಾತ ಯಾವ ಊರಿನ ಬಾವಿಯ ಹತ್ತಿರ ಮೊದಲ ರಾತ್ರಿ, ಯಾರ ಹುಣಸೆ ತೋಪಿನಲ್ಲಿ ಎರಡನೆಯ ರಾತ್ರಿ ಎಂದು ಗೊತ್ತುಮಾಡಿ ಹೇಳಿ ಕಳಿಸುತ್ತಿದ್ದರಂತೆ. ತಂಗುವ ಜಾಗ ಗೊತ್ತಾದ ಮೇಲೇ ಗಾಡಿ ಕಟ್ಟುತ್ತಿದ್ದದ್ದು. ಅಂದು ರಾತ್ರಿ ನಾನು ಹಳೆಯ ನಕ್ಷೆ ಮಡಚಿಟ್ಟು ಮೊದಲಿನಿಂದ ಶುರುಮಾಡಿದೆ.

ಈಗ ನಮ್ಮ ಪಟ್ಟಿ ಹೀಗಿದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಮೊದಲ ರಾತ್ರಿ ಹೋಟೆಲ್. ಟೆಕಾಪೊ ಎರಡು ರಾತ್ರಿ, ವಾನಾಕಾ ಎರಡು, ಟೆ ಅನಾವ್ ಮೂರು, ಡುನೀಡಿನ್ ಎರಡು, ಓಮರೂ ಒಂದು, ಮತ್ತೆ ಕ್ರೈಸ್ಟ್‌ಚರ್ಚ್‌ನಲ್ಲಿ ಒಂದು. ಯಾವ ದಿನವೂ 300 ಕಿಲೋಮೀಟರ್ ದಾಟುವುದಿಲ್ಲ. ಪಶ್ಚಿಮ ಕರಾವಳಿಯನ್ನು ಪೂರ್ತಿ ಕೈಬಿಟ್ಟೆವು. ಮಿಲ್ಫರ್ಡ್ ಸೌಂಡ್‌ಗೆ ಟೆ ಅನಾವ್‌ನಿಂದ ಸುಮಾರು 120 ಕಿಲೋಮೀಟರ್ ಬೆಟ್ಟದ ದಾರಿ. ಅಲ್ಲಿಗೆ ನಮ್ಮ ಗಾಡಿ ಒಯ್ಯದೆ ಬಸ್ಸಿನಲ್ಲಿ ಹೋಗಿ ಬರುತ್ತೇವೆ.

ಮೊದಲ ರಾತ್ರಿ ಹೋಟೆಲ್ ಏಕೆಂದು ಹಲವರು ಕೇಳಿದರು. ದೇವನಹಳ್ಳಿಯಿಂದ ಹೊರಟು ಸಿಂಗಪುರದಲ್ಲಿ ವಿಮಾನ ಬದಲಿಸಿ ಇಳಿಯುವಾಗ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ತಿಳಿಯುವುದಿಲ್ಲ. ಏಪ್ರಿಲ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಆಮೇಲೂ ಅವರು ನಮಗಿಂತ ಆರೂವರೆ ಗಂಟೆ ಮುಂದೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಹೊಸ ದೇಶದ ರಸ್ತೆಗಿಳಿಯಬಾರದು. ನಮ್ಮೂರಿನಲ್ಲಿ ತಂಗಿದ್ದ ಲಾರಿ ಡ್ರೈವರ್ ಒಬ್ಬರು ಹೇಳಿದ್ದೂ ಇದನ್ನೇ: “ನಿದ್ದೆ ಆದ್ರೆ ದಾರಿ ಸಾಗುತ್ತೆ ಸಾರ್.”

ಇನ್ನು ಗಾಡಿಯ ವಿಚಾರ. ಆ ದೇಶದಲ್ಲಿ ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿ. ಎಂಜಿನ್ನೂ ಮನೆಯೂ ಒಂದೇ ಮೈಯಲ್ಲಿದ್ದರೆ ಮೋಟರ್‌ಹೋಮ್. ಎಳೆಯುವ ಗಾಡಿಯನ್ನು ರಿವರ್ಸ್ ತೆಗೆಯುವುದೇ ಒಂದು ವಿದ್ಯೆ. ಮೊದಲ ಸಲ ಹೋಗುವವರು ಮೋಟರ್‌ಹೋಮ್ ಹಿಡಿಯಿರಿ. ಬುಕ್ ಮಾಡುವಾಗ ಹಾಸಿಗೆ ಎಣಿಸಿದರೆ ಸಾಲದು, ಸೀಟ್‌ಬೆಲ್ಟ್ ಎಣಿಸಿ. ಏಳು ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಮಕ್ಕಳ ಸೀಟು ಕಡ್ಡಾಯ. ಅದನ್ನು ಬಿಗಿಯಲು ಎಲ್ಲ ಸೀಟೂ ಒಗ್ಗುವುದಿಲ್ಲ, ಯಾವುದಕ್ಕೆ ಒಗ್ಗುತ್ತದೆಂದು ಮೊದಲೇ ಕೇಳಿ. ಡೀಸೆಲ್ ಗಾಡಿಗೆ ಅಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ಪ್ರತ್ಯೇಕ ರಸ್ತೆ ಶುಲ್ಕವಿದೆ. ಬಾಡಿಗೆ, ವಿಮೆ, ಠೇವಣಿಯ ಜೊತೆಗೆ ಅದನ್ನೂ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ.

ನ್ಯೂಜಿಲೆಂಡನ್ನೇ ಆರಿಸಿದ್ದಕ್ಕೆ ದೊಡ್ಡ ಕಾರಣ, ಅಲ್ಲಿಯೂ ನಮ್ಮಂತೆ ಎಡಗಡೆಯ ಸಂಚಾರ. ನಮ್ಮ ಲೈಸೆನ್ಸ್ ಇಂಗ್ಲಿಷ್‌ನಲ್ಲಿರುವುದರಿಂದ ಅಲ್ಲಿ ನಡೆಯುತ್ತದೆ. ಆದರೂ ಆರ್‌ಟಿಓ ಕಚೇರಿಯಲ್ಲಿ 1,000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೆ. ಅದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ಬಾಡಿಗೆಯವರೋ ವಿಮೆಯವರೋ ಕೇಳಿದರೆ ಕೈಯಲ್ಲಿರಲಿ. ಕಾರು ಓಡಿಸುವ ನಮ್ಮ ಲೈಸೆನ್ಸಿನಲ್ಲೇ ಇಲ್ಲಿ 7,500 ಕಿಲೋವರೆಗಿನ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಕಾಗದದ ಅನುಮತಿ ಬೇರೆ, ಕೈಯ ಅಭ್ಯಾಸ ಬೇರೆ. ಅಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆಗಳಿವೆ, ಯಾರು ಮೊದಲು ದಾಟಬೇಕೆಂದು ಫಲಕ ಹೇಳುತ್ತದೆ. ಆದ್ದರಿಂದ ಭಾನುವಾರಗಳಂದು ಗೆಳೆಯನ ಟೆಂಪೊ ಟ್ರಾವೆಲರ್ ಹಿಡಿದು ಪೆನುಕೊಂಡದವರೆಗೆ ಓಡಿಸಿ ಬರುತ್ತಿದ್ದೇನೆ.

ಆ ಟೆಂಪೊದಲ್ಲೇ ನವೆಂಬರಿನಲ್ಲಿ ಒಂದು ರಾತ್ರಿಯ ತಾಲೀಮು ನಡೆಸಿದೆವು. ಲೇಪಾಕ್ಷಿ ಹತ್ತಿರ ನೆಂಟರ ಮಾವಿನ ತೋಪಿನಲ್ಲಿ ಗಾಡಿ ನಿಲ್ಲಿಸಿ ಐವರೂ ಅದರಲ್ಲೇ ಮಲಗಿದೆವು. ಹೊರದೇಶಕ್ಕೆ ಹೋಗುವ ಯಾವ ಕುಟುಂಬವೂ ಈ ತಾಲೀಮು ಬಿಡಬಾರದು. ಇಲ್ಲೇ ಕ್ಯಾರವಾನ್ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಕೇರಳ ಸರ್ಕಾರ 2021ರಲ್ಲೇ ‘ಕೇರವಾನ್ ಕೇರಳ’ ಎಂಬ ಯೋಜನೆ ತಂದಿದೆ.

ಆ ಒಂದು ರಾತ್ರಿ ನಮಗೆ ಮೂರು ಪಾಠ ಹೇಳಿತು.

ಮೊದಲನೆಯದು ಅಮ್ಮನ ಮಂಡಿ. ಗಾಡಿಯ ಮೆಟ್ಟಿಲು ಎತ್ತರ, ಕತ್ತಲಲ್ಲಿ ಇಳಿಯಲು ಹೆದರಿದರು. ಮಡಿಚುವ ಸ್ಟೂಲು, ತಲೆಗೆ ಕಟ್ಟುವ ಟಾರ್ಚು ಪಟ್ಟಿಗೆ ಸೇರಿದವು. ಮೇಲಿನ ಹಾಸಿಗೆ ಮಕ್ಕಳಿಗೆ, ಬಾಗಿಲ ಬಳಿಯದು ಅಮ್ಮನಿಗೆ ಎಂದು ತೀರ್ಮಾನವಾಯಿತು.

ಎರಡನೆಯದು ನೀರು. ನೂರು ಲೀಟರ್ ತುಂಬಿಸಿಕೊಂಡು ಹೋಗಿದ್ದೆವು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ತಳ ಕಂಡಿತು. ಶೌಚಾಲಯ, ನೀರು, ಕೊಳಚೆ ಎಲ್ಲವನ್ನೂ ತಾನೇ ಸಂಭಾಳಿಸುವ ಗಾಡಿಗೆ ನ್ಯೂಜಿಲೆಂಡಿನಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಅವರು ಹಿಡಿದಿರುವ ಲೆಕ್ಕ ಒಬ್ಬರಿಗೆ ದಿನಕ್ಕೆ 4 ಲೀಟರ್, ಮೂರು ದಿನಕ್ಕೆ ಸಾಲುವಷ್ಟು. ನಮ್ಮದು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆ. ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತು ಬೆಳೆದ ನಮಗೆ ಈ ಲೆಕ್ಕ ಕಷ್ಟವಾಗಬಾರದು. ನಲ್ಲಿ ಬಿಟ್ಟು ಪಾತ್ರೆ ತೊಳೆಯುವುದನ್ನು ಮನೆಯಲ್ಲೇ ನಿಲ್ಲಿಸಿದ್ದೇವೆ. ಮಕ್ಕಳು ಚೊಂಬಿನಲ್ಲಿ ಅಳೆದು ಬಳಸುತ್ತಾರೆ. ಸ್ನಾನಕ್ಕೆ ಅಲ್ಲಿನ ಕ್ಯಾಂಪ್‌ಗಳಲ್ಲಿ ವ್ಯವಸ್ಥೆಯಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ರಾತ್ರಿ ಅನ್ನ, ಬೆಳಿಗ್ಗೆ ಉಪ್ಪಿಟ್ಟು, ಎರಡನ್ನೂ ಹೆಂಡತಿಯೇ ಮಾಡಿದಳು. ಪಾತ್ರೆ ಒರೆಸುತ್ತಾ, “ಮನೇಲೂ ಒಲೆ, ಇಲ್ಲೂ ಒಲೆ. ನನ್ನ ರಜ ಯಾವಾಗ?” ಎಂದಳು. ಆ ಮಾತು ನನ್ನನ್ನು ಚುಚ್ಚಿತು. ನಾಲ್ವರ ಪ್ರವಾಸಕ್ಕೆ ಒಬ್ಬಳ ದುಡಿಮೆ ಬಂಡವಾಳವಾಗಬಾರದು. ಈಗ ಕೆಲಸ ಹಂಚಿ ಬರೆದಿದ್ದೇವೆ. ಗಾಡಿಯಲ್ಲಿ ದಿನಕ್ಕೆ ಒಂದೇ ಹೊತ್ತು ಅಡುಗೆ, ಅದೂ ಸರದಿಯ ಪ್ರಕಾರ. ಕೊಳಚೆ ಖಾಲಿ ಮಾಡುವುದು ನನ್ನ ಕೆಲಸ, ನೀರು ತುಂಬಿಸುವುದು ಮಗಳದು.

ಅಡುಗೆ ಸಾಮಾನಿನ ಬಗ್ಗೆ ಒಂದು ಎಚ್ಚರಿಕೆ. ತಿನ್ನುವ ಪದಾರ್ಥ ಏನೇ ಒಯ್ದರೂ ವಿಮಾನದಿಂದ ಇಳಿಯುವಾಗ ಘೋಷಿಸಿ. ಮರೆತು ಚೀಲದಲ್ಲಿ ಒಂದು ಹಣ್ಣು ಉಳಿದರೂ ಅಲ್ಲೇ 400 ಡಾಲರ್ ದಂಡ, ನಮ್ಮ ಸುಮಾರು 20,000 ರೂಪಾಯಿ. ಜೇನುತುಪ್ಪವನ್ನು ಒಳಗೆ ಬಿಡುವುದೇ ಇಲ್ಲ. ಅಮ್ಮನ ಚಟ್ನಿಪುಡಿಯನ್ನು ಘೋಷಿಸಿಯೇ ಒಯ್ಯುತ್ತೇವೆ, ಅಕ್ಕಿ ಬೇಳೆ ಕ್ರೈಸ್ಟ್‌ಚರ್ಚ್‌ನ ಭಾರತೀಯ ಅಂಗಡಿಯಲ್ಲಿ ಕೊಳ್ಳುತ್ತೇವೆ. ಶೂಗಳ ಮಣ್ಣನ್ನೂ ತೊಳೆದಿರಬೇಕು.

ವೀಸಾಕ್ಕೆ ಒಬ್ಬೊಬ್ಬರ ಹೆಸರಿನಲ್ಲಿ ತಿಂಗಳಿಗೆ 1,000 ನ್ಯೂಜಿಲೆಂಡ್ ಡಾಲರ್ ಖರ್ಚು ಮಾಡುವ ಶಕ್ತಿ ತೋರಿಸಬೇಕು. ವಸತಿಗೆ ಮೊದಲೇ ಹಣ ಕಟ್ಟಿದ್ದರೆ 400 ಸಾಕು. ನಮ್ಮ ಬೇಸಿಗೆ ರಜೆ ಅವರಿಗೆ ಶರತ್ಕಾಲ: ಮರಗಳು ಕೆಂಪಾಗಿರುತ್ತವೆ, ಹಗಲು ಚಿಕ್ಕದು, ರಾತ್ರಿ ಕೊರೆಯುವ ಚಳಿ. ಕತ್ತಲಾಗುವ ಮೊದಲೇ ತಂಗುದಾಣ ಸೇರುವುದು ನಮ್ಮ ನಿಯಮ.

ಇಷ್ಟೆಲ್ಲ ಓದುತ್ತಾ ಹೋದಂತೆ ನನ್ನ ಮನಸ್ಸು ಮತ್ತೆ ಮತ್ತೆ ಊರಿನ ಲಾರಿಗಳ ಕಡೆಗೇ ಹೋಯಿತು. ನ್ಯೂಜಿಲೆಂಡಿನಲ್ಲಿ ಗಾಡಿಯ ಕೊಳಚೆ ಸುರಿಯಲು ಊರೂರಲ್ಲಿ ಸಾರ್ವಜನಿಕ ಗುಂಡಿಗಳಿವೆ. ಎಲ್ಲಿ ರಾತ್ರಿ ತಂಗಬಹುದು, ಎಲ್ಲಿ ಕೂಡದು ಎಂಬುದಕ್ಕೆ 2011ರಲ್ಲೇ ಕಾನೂನು ಮಾಡಿದ್ದಾರೆ. ಹನ್ನೆರಡು ರಾತ್ರಿಯ ಅತಿಥಿಗಳಾದ ನಮಗೆ ಅಲ್ಲಿ ಇಷ್ಟು ಅನುಕೂಲ. ವರ್ಷಕ್ಕೆ ಇನ್ನೂರು ಮುನ್ನೂರು ರಾತ್ರಿ ಗಾಡಿಯಲ್ಲೇ ಮಲಗುವ ನಮ್ಮ ಡ್ರೈವರ್, ಕ್ಲೀನರ್‌ಗಳು ಮುಳ್ಳುಪೊದೆಯ ಹಿಂದೆ ಹೋಗಬೇಕು, ಕ್ಯಾನಿನ ನೀರಿನಲ್ಲಿ ಮುಖ ತೊಳೆಯಬೇಕು. ಹೆದ್ದಾರಿಗಳಲ್ಲಿ 40ರಿಂದ 60 ಕಿಲೋಮೀಟರಿಗೊಂದು ಸೌಕರ್ಯ ಕೇಂದ್ರ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಲಾರಿಗಳು ತಾವಾಗಿಯೇ ಆರಿಸಿಕೊಂಡು ನಿಲ್ಲುವ ನಮ್ಮೂರಿಗಿಂತ ತಕ್ಕ ಜಾಗ ಯಾವುದಿದೆ?

ಆದ್ದರಿಂದ ನಮ್ಮ ತಯಾರಿಯ ಪಟ್ಟಿಗೆ ಕೊನೆಯ ಒಂದು ಕೆಲಸ ಸೇರಿಸಿದ್ದೇನೆ. ಏಪ್ರಿಲ್‌ಗೆ ಮೊದಲು ಗ್ರಾಮಸಭೆಗೆ ಅರ್ಜಿ ಕೊಡುತ್ತೇನೆ: ಲಾರಿ ನಿಲ್ಲುವಲ್ಲಿ ಎರಡು ನಲ್ಲಿ, ನಾಲ್ಕು ಶೌಚಾಲಯ, ಒಂದು ಬಚ್ಚಲು, ಬೆಳಗುವ ದೀಪ. ಊರಿನವರು ಜೊತೆಗೆ ಸಹಿ ಹಾಕಿ. ಗಾಡಿಯಲ್ಲಿ ಬಾಳುವುದು ಹೇಗೆಂದು ನಮಗೆ ಕಲಿಸಿದವರು ಈ ಲಾರಿಯವರು. ಅವರಿಗೆ ನಿಲ್ಲಲು ಮರ್ಯಾದೆಯ ಜಾಗ ಕೇಳದೆ ನಾವು ವಿಮಾನ ಹತ್ತುವುದು ಸರಿಯಲ್ಲ.